ತುಕ್ಕು ತೆಗೆದ ಮೇಲಿನ ಹೊತ್ತು: ಹಳೆಯ ಬೈಕಿನ ಲೋಹಭಾಗಗಳ ಕೆಲಸದಿಂದ ಕಲಿತದ್ದು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕಾರ್ಯಾಗಾರಕ್ಕೆ ಬರುವ ಹಳೆಯ ಬೈಕುಗಳಲ್ಲಿ ಹೆಚ್ಚಿನವು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದವು. 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳು ಈ ಭಾಗದ ಅಡಿಕೆ ತೋಟದ ಮನೆಗಳ ಕೊಟ್ಟಿಗೆಗಳಲ್ಲಿ ಇಂದಿಗೂ ಸಿಗುತ್ತವೆ. ಎಂಜಿನ್ ಬಿಚ್ಚಿ ಜೋಡಿಸುವವರು ನಮ್ಮಲ್ಲಿ ಬೇರೆ ಇದ್ದಾರೆ. ನನ್ನ ಪಾಲಿನದು ಲೋಹದ ಮೈಯ ಕೆಲಸ. ಚೇಸಿಸ್, ಟ್ಯಾಂಕು, ಮಡ್‌ಗಾರ್ಡ್, ರಿಮ್ಮು, ಸೈಲೆನ್ಸರ್, ಬೋಲ್ಟು, ಸ್ಪ್ರಿಂಗು, ಎಂಜಿನ್ನಿನ ಮುಚ್ಚಳ, ಹೀಗೆ ಪ್ರತಿಯೊಂದನ್ನೂ ಶುಚಿಗೊಳಿಸಿ, ಅದಕ್ಕೆ ತಕ್ಕ ಲೇಪ ಕೊಡುವುದು. ಈ ಕೆಲಸದಲ್ಲಿ ತುಕ್ಕು ತೆಗೆಯುವುದೇ ಕಷ್ಟವೆಂದು ಹೊರಗಿನವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ಕಷ್ಟವಿರುವುದು ತುಕ್ಕು ಹೋದ ಗಳಿಗೆಯಿಂದ ಮೊದಲ ಲೇಪ ಬೀಳುವವರೆಗಿನ ಹೊತ್ತಿನಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಬೀಸುವ ಈ ನೆಲದಲ್ಲಿ, ಬೆಳಿಗ್ಗೆ ಉಜ್ಜಿ ಬೆಳ್ಳಗೆ ಮಾಡಿಟ್ಟ ಉಕ್ಕಿನ ತಗಡು ಸಂಜೆಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಯಾವ ಭಾಗಕ್ಕೆ ಯಾವ ಲೇಪ, ಅದು ಎಂದು, ಯಾರಿಂದ ಎಂಬುದು ನಿಶ್ಚಯವಾಗುವ ಮೊದಲು ಯಾವ ಭಾಗದ ಹಳೆಯ ಬಣ್ಣವನ್ನೂ ನಾನು ಕೀಳುವುದಿಲ್ಲ.

ಮೊದಲು ಲೋಹಗಳನ್ನು ಬೇರ್ಪಡಿಸಬೇಕು. ಅಯಸ್ಕಾಂತವೊಂದಿದ್ದರೆ ಅರ್ಧ ಕೆಲಸ ಮುಗಿಯುತ್ತದೆ, ಆದರೆ ಉಳಿದ ಅರ್ಧದಲ್ಲೇ ಅಪಾಯವಿದೆ. ಹಳೆಯ ಬಣ್ಣ ಕಳಚಲು ಬಳಸುವ ಕಾಸ್ಟಿಕ್ ಸೋಡಾ ಉಕ್ಕನ್ನು ಏನೂ ಮಾಡುವುದಿಲ್ಲ. ಅದೇ ದ್ರಾವಣಕ್ಕೆ ಅಲ್ಯೂಮಿನಿಯಂ ಮುಚ್ಚಳ ಬಿದ್ದರೆ ಹೈಡ್ರೋಜನ್ ಅನಿಲದ ಗುಳ್ಳೆಗಳು ಏಳುತ್ತಾ ಲೋಹವೇ ಕರಗತೊಡಗುತ್ತದೆ. ಹಳೆಯ ಬ್ರಿಟಿಷ್ ಬೈಕುಗಳ ಬೋಲ್ಟುಗಳಲ್ಲಿ ಮಂದ ಬೆಳ್ಳಿಯ ಬಣ್ಣದ ಲೇಪ ಕಂಡರೆ ಅದು ಕ್ಯಾಡ್ಮಿಯಂ ಆಗಿರಬಹುದು. ಅದರ ಧೂಳೂ ಹೊಗೆಯೂ ವಿಷವಾದುದರಿಂದ ಅಂಥದ್ದನ್ನು ಗ್ರೈಂಡರಿಗೆ ಹಿಡಿಯುವುದಾಗಲಿ, ಕಾಯಿಸುವುದಾಗಲಿ ಕೂಡದು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ನಾವು ಒಣಗಿದ ಮೇಲ್ಮೈಯನ್ನು ಉಜ್ಜುವುದೇ ಇಲ್ಲ, ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜುತ್ತೇವೆ.

ತುಕ್ಕಿಗೆ ನಮ್ಮ ಕಡೆ ತಕ್ಷಣ ಕೈಗೆ ಸಿಗುವುದು ಬಚ್ಚಲು ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕನ್ನು ಬೇಗ ತಿನ್ನುತ್ತದೆ ಎಂಬುದು ನಿಜ. ಆದರೆ ಮಡ್‌ಗಾರ್ಡಿನ ಮಡಚಿದ ಅಂಚಿನೊಳಗೆ, ಟ್ಯಾಂಕಿನ ಬೆಸುಗೆಯ ಸಂದಿನೊಳಗೆ, ತುಕ್ಕು ಕೊರೆದ ಸಣ್ಣ ಕುಳಿಗಳ ತಳದಲ್ಲಿ ಅದರ ಕ್ಲೋರೈಡ್ ಎಂಬ ಉಪ್ಪಿನಂಶ ಉಳಿದುಬಿಡುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಗಾಳಿಯ ತೇವವನ್ನು ಹೀರಿಕೊಂಡು ಅದು ಬಣ್ಣದ ಅಡಿಯಲ್ಲೇ ಹೊಸ ತುಕ್ಕನ್ನು ಬೆಳೆಸುತ್ತದೆ, ಮುಂದಿನ ಮಳೆಗಾಲಕ್ಕೆ ಬಣ್ಣ ಗುಳ್ಳೆಯೇಳುತ್ತದೆ. ಉಪ್ಪಿರುವ ಕಡಲ ಮರಳಿನಿಂದ ಬ್ಲಾಸ್ಟ್ ಮಾಡಿದ, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸಿ ಶುಚಿಗೊಳಿಸಿದ, ಚೇಸಿಸ್ಸಿಗೂ ಇದೇ ಗತಿ. ಅದಕ್ಕಾಗಿ ನಾವು ಬಳಸುವುದು ಫಾಸ್ಫೋರಿಕ್ ಆಮ್ಲ. ಅದು ನಿಧಾನ, ದುಬಾರಿಯೂ ಹೌದು, ಆದರೆ ತುಕ್ಕನ್ನು ಕರಗಿಸಿದ ಮೇಲೆ ಉಕ್ಕಿನ ಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುವಾದ ಪೊರೆಯೊಂದನ್ನು ಬಿಟ್ಟುಹೋಗುತ್ತದೆ. ಆ ಪೊರೆ ಪ್ರೈಮರಿಗೆ, ಅಂದರೆ ಬಣ್ಣದ ಅಡಿಯ ಮೊದಲ ಲೇಪಕ್ಕೆ, ಹಿಡಿತವನ್ನೂ ನಮಗೆ ಸ್ವಲ್ಪ ಸಮಯವನ್ನೂ ಕೊಡುತ್ತದೆ. ಕೊನೆಯ ತೊಳೆತಕ್ಕೆ ಕುದಿಯುವಷ್ಟು ಬಿಸಿಯಾದ ನೀರನ್ನೇ ಬಳಸುತ್ತೇವೆ, ಏಕೆಂದರೆ ಕಾದ ತಗಡಿನ ನೀರು ತಾನಾಗಿ ಆರುತ್ತದೆ. ತಣ್ಣೀರಿನಲ್ಲಿ ತೊಳೆದರೆ ಒರೆಸುತ್ತಿರುವಾಗಲೇ ಕೆಂಪಾಗುತ್ತದೆ.

ಮರಳಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಹೊಳೆಯ ಮರಳಾಗಲಿ ಕಡಲ ಮರಳಾಗಲಿ, ಗಾಳಿಯ ಒತ್ತಡದಲ್ಲಿ ಚಿಮ್ಮಿ ಪುಡಿಯಾದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ, ಗುಣವಾಗದ ಕಾಯಿಲೆಯನ್ನು ತರುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಈ ಕೆಲಸ ಮಾಡುವ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚೇಸಿಸ್ಸಿಗೆ ಅಲ್ಯೂಮಿನಿಯಂ ಆಕ್ಸೈಡ್, ಅಲ್ಯೂಮಿನಿಯಂ ಭಾಗಗಳಿಗೆ ಗಾಜಿನ ಮಣಿ ಬಳಸಿ, ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದರೆ ಕೆಲಸವೂ ಚೆನ್ನಾಗಿರುತ್ತದೆ. ತೆಳು ತಗಡಿನ ಟ್ಯಾಂಕು, ಮಡ್‌ಗಾರ್ಡುಗಳನ್ನು ಮಾತ್ರ ನಾನು ಬ್ಲಾಸ್ಟಿಂಗಿಗೆ ಕೊಡುವುದಿಲ್ಲ. ಕಾಳುಗಳ ಹೊಡೆತಕ್ಕೆ ತಗಡು ಹಿಗ್ಗಿ ಅಲೆಯಲೆಯಾಗುತ್ತದೆ, ಮತ್ತೆ ಅದನ್ನು ನೇರ್ಪಡಿಸಲು ಪುಟ್ಟಿಯ ಮೇಲೆ ಪುಟ್ಟಿ ಬೀಳುತ್ತದೆ. ಎಂಜಿನ್ ಕವಚದೊಳಗೆ ಒಂದೇ ಒಂದು ಗಾಜಿನ ಮಣಿ ಎಣ್ಣೆಯ ದಾರಿಯಲ್ಲಿ ಉಳಿದರೂ ಬೇರಿಂಗು ಹಾಳಾಗುವುದರಿಂದ ಎಲ್ಲ ತೂತುಗಳಿಗೂ ಮೊದಲೇ ಬಿರಡೆ ಹಾಕಬೇಕು. ಚೇಸಿಸ್ಸಿನ ಮೇಲೆ ಕೊರೆದ ನಂಬರಿಗೆ ದಪ್ಪ ಟೇಪು ಅಂಟಿಸುವುದನ್ನೂ ಮರೆಯಬಾರದು. ಆ ಅಂಕಿಗಳು ಸವೆದುಹೋದರೆ ಗಾಡಿಯ ದಾಖಲೆಗೂ ಗಾಡಿಗೂ ಸಂಬಂಧ ತೋರಿಸುವ ಗುರುತೇ ಹೋದಂತೆ.

ಟ್ಯಾಂಕಿನ ಒಳಮೈಗೆ ನಾನು ನೆಚ್ಚಿರುವುದು ವಿದ್ಯುತ್ತಿನ ವಿಧಾನವನ್ನು. ಪೆಟ್ರೋಲಿನ ವಾಸನೆಯೂ ಉಳಿಯದಂತೆ ತೊಳೆದ ಟ್ಯಾಂಕಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ಒಳಗೆ ಗೋಡೆಗೆ ತಾಗದಂತೆ ಸಾದಾ ಉಕ್ಕಿನ ಸರಳೊಂದನ್ನು ಇಳಿಬಿಟ್ಟು, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಟ್ಯಾಂಕಿಗೂ ಧನ ತಂತಿಯನ್ನು ಸರಳಿಗೂ ಕೊಟ್ಟರೆ ತುಕ್ಕು ಸಡಿಲವಾಗಿ ಕಪ್ಪು ಕೆಸರಾಗಿ ಬಿಡುತ್ತದೆ, ಒಳ್ಳೆಯ ಉಕ್ಕು ಒಂದಿಷ್ಟೂ ಸವೆಯುವುದಿಲ್ಲ. ಸರಳು ಬೇಗ ತಿಂದುಹೋಗುತ್ತದೆಂದು ಸ್ಟೈನ್‌ಲೆಸ್ ಸ್ಟೀಲ್ ಹಾಕುವವರಿದ್ದಾರೆ. ಅದರಲ್ಲಿರುವ ಕ್ರೋಮಿಯಂ ನೀರಿಗಿಳಿದು ವಿಷಕಾರಿ ರೂಪ ತಾಳುತ್ತದೆ, ಆ ನೀರನ್ನು ಆಮೇಲೆ ತೋಟಕ್ಕೆ ಚೆಲ್ಲಿದರೆ ಬಾವಿಗೆ ಸೇರೀತು. ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊರಬರುವುದರಿಂದ ತೆರೆದ ಜಾಗದಲ್ಲೇ ಮಾಡಬೇಕು, ಹತ್ತಿರ ಬೀಡಿಯ ಕಿಡಿಯೂ ಇರಕೂಡದು.

ಇನ್ನು ಕ್ರೋಮ್. ಜಾವಾದ ಟ್ಯಾಂಕಿನ ಬದಿಯ ಹೊಳಪಿಗಾಗಿಯೇ ಜನ ಅದನ್ನು ಮರಳಿ ರಸ್ತೆಗಿಳಿಸುತ್ತಾರೆ ಎನ್ನಬಹುದು. ಮುಳ್ಳೇರಿಯದ ಕಡೆಯ ಕೃಷಿಕರೊಬ್ಬರು ರಿಮ್ಮುಗಳನ್ನು ತಂದಾಗ, “ದುಡ್ಡು ಹೆಚ್ಚಾದರೂ ಅಡ್ಡಿಯಿಲ್ಲ ಮಾರಾಯ್ರೆ, ಕ್ರೋಮು ಸ್ವಲ್ಪ ದಪ್ಪಕ್ಕೆ ಹಾಕಿಸಿ” ಎಂದರು. “ಅಣ್ಣಾ, ದಪ್ಪ ಇರಬೇಕಾದ್ದು ಕ್ರೋಮು ಅಲ್ಲ, ಅದರ ಅಡಿಯ ನಿಕ್ಕೆಲ್” ಎಂದು ಹೇಳಿ ಕೂರಿಸಿ ವಿವರಿಸಬೇಕಾಯಿತು. ಹೊಳೆಯುವ ಕ್ರೋಮಿಯಂ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತಲೂ ತೆಳು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಉಕ್ಕನ್ನು ಕಾಯುವುದು ಅದರ ಕೆಳಗಿನ ನಿಕ್ಕೆಲ್. ಹೊರಗೆ ಮಳೆಗೆ ಒಡ್ಡಿಕೊಳ್ಳುವ ಭಾಗಕ್ಕೆ ಅದು 20ರಿಂದ 30 ಮೈಕ್ರಾನ್ ಇರಬೇಕು. ನಿಕ್ಕೆಲ್ಲಿನಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಅಲ್ಲಿ ಉಕ್ಕು ಲೇಪವೇ ಇಲ್ಲದಿದ್ದಾಗಿಗಿಂತಲೂ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ಎರಡು ಲೋಹಗಳು ಒಂದೇ ತೇವದಲ್ಲಿ ಸೇರಿದಾಗ ಸವೆಯುವ ಪಾಳಿ ಉಕ್ಕಿನದು.

ನಿಕ್ಕೆಲ್ಲಿಗಿಂತ ಕೆಳಗೆ ತಾಮ್ರ. ಇದನ್ನು ಅಡಿಕೆ ಬೆಳೆಗಾರರಿಗೆ ವಿವರಿಸುವುದು ಸುಲಭ. ಕೊಳೆರೋಗಕ್ಕೆ ಬೋರ್ಡೋ ಮದ್ದು ಕಲಸುವಾಗ ಚೂರಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಸುಣ್ಣದೊಂದಿಗೆ ಸೇರದೆ ಇನ್ನೂ ಉಳಿದಿದೆ ಎಂದರ್ಥ. ಆ ಕೆಂಪು ತಾಮ್ರವೇ, ಆದರೆ ಬೆರಳಿನಿಂದ ಒರೆಸಿದರೆ ಹೋಗುತ್ತದೆ. ವಿದ್ಯುತ್ತಿನಿಂದ ಲೋಹದ ಪದರ ಕೂರಿಸುವ ಪ್ಲೇಟಿಂಗಿನಲ್ಲಿ ಉಕ್ಕನ್ನು ನೇರವಾಗಿ ಮೈಲುತುತ್ತಿನ ಆಮ್ಲದ್ರಾವಣಕ್ಕೆ ಇಳಿಸಿದರೂ ಹೀಗೇ ಆಗುತ್ತದೆ: ಹಿಡಿತವಿಲ್ಲದ ತಾಮ್ರ ಕೂರುತ್ತದೆ, ಅದರ ಮೇಲೆ ಎಷ್ಟು ಒಳ್ಳೆಯ ನಿಕ್ಕೆಲ್ ಹಾಕಿದರೂ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೇ ಸಯನೈಡ್ ಇರುವ ತಾಮ್ರದ ದ್ರಾವಣದಲ್ಲೋ ನಿಕ್ಕೆಲ್ ದ್ರಾವಣದಲ್ಲೋ ಮೊದಲು ತೆಳುವಾದ ಹಿಡಿತದ ಪದರ ಕೊಟ್ಟು, ಆಮೇಲೆ ದಪ್ಪ ತಾಮ್ರ ಏರಿಸಬೇಕು. ಕುಳಿಗಳು ಮುಚ್ಚುವಂತೆ ತಾಮ್ರವನ್ನು ಬಫ್ ಮಾಡಿದ (ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ನುಣುಪಾಗಿಸಿದ) ಮೇಲೆ ನಿಕ್ಕೆಲ್, ಕೊನೆಗೆ ಕ್ರೋಮ್. ಈ ದ್ರಾವಣಗಳು ಮನೆಯ ಹಿತ್ತಿಲಲ್ಲಿ ಇಡುವಂಥವಲ್ಲ. ಸರಿಯಾದ ತ್ಯಾಜ್ಯ ವ್ಯವಸ್ಥೆಯಿರುವ ಘಟಕಕ್ಕೇ ಕೊಡಬೇಕು. ನಾನು ಕೊಡುವಾಗ ತಾಮ್ರದ ಹಂತದಲ್ಲಿ ಭಾಗವನ್ನು ಒಮ್ಮೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಕಂಡ ಗೀರು ಕ್ರೋಮಿನಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ತೋರಿಸಲು ಒಪ್ಪದ ಘಟಕವೊಂದರಿಂದ ಬಂದ ಹ್ಯಾಂಡಲ್ ಒಂದೇ ಮಳೆಗಾಲದಲ್ಲಿ ಸಿಪ್ಪೆ ಬಿಟ್ಟಿತ್ತು.

ಅಂದಹಾಗೆ, ಮದ್ದು ಕಲಸುವ ಕೊಟ್ಟಿಗೆಯಲ್ಲಿ ಬೈಕು ಇಡಬೇಡಿರೆಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಮೈಲುತುತ್ತಿನ ಹುಡಿ ತೇವದೊಂದಿಗೆ ಸೇರಿ ಅಲ್ಯೂಮಿನಿಯಂ ಹಬ್ಬನ್ನೂ ಸತು ಲೇಪದ ಬೋಲ್ಟನ್ನೂ ತಿನ್ನುತ್ತದೆ.

ಬೋಲ್ಟು, ಸ್ಪ್ರಿಂಗು, ಸ್ಪೋಕುಗಳಿಗೆ ಸತುವಿನ ಲೇಪವೇ ಸರಿ, ಏಕೆಂದರೆ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದರೆ ಗಟ್ಟಿ ಉಕ್ಕಿನ ಭಾಗಗಳಲ್ಲಿ ಒಂದು ಕಾಣದ ಅಪಾಯವಿದೆ. ಆಸಿಡ್ ತೊಳೆತದಲ್ಲೂ ಪ್ಲೇಟಿಂಗಿನಲ್ಲೂ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದನ್ನು ಪೆಡಸಾಗಿಸುತ್ತದೆ. ಹೊರಗೆ ಹೊಸದರಂತೆ ಹೊಳೆಯುವ ಸ್ಪ್ರಿಂಗು ಭಾರ ಬಿದ್ದ ಮೇಲೆ ಒಂದು ದಿನ ತಟ್ಟನೆ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ, ಸತುವನ್ನು ಕಾಯುವ ಬಣ್ಣದ ರಾಸಾಯನಿಕ ಪೊರೆ ಕೊಡುವ ಪ್ಯಾಸಿವೇಶನ್ನಿಗೆ ಮೊದಲು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಕಾಯಿಸಿದರೆ ಆ ಹೈಡ್ರೋಜನ್ ಹೊರಬೀಳುತ್ತದೆ. ಈ ಸೌಲಭ್ಯವಿಲ್ಲದ ಕಡೆಗೆ ನಾನು ಸ್ಪ್ರಿಂಗುಗಳನ್ನು ಕಳಿಸುವುದೇ ಇಲ್ಲ, ಬಣ್ಣ ಬಳಿದು ಜೋಡಿಸುತ್ತೇನೆ.

ಚೇಸಿಸ್ಸಿಗೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಸಿಂಪಡಿಸಿ ಬೇಯಿಸುವ ಲೇಪ, ಮಾಡಿಸಿ ಎನ್ನುವವರೇ ಈಗ ಹೆಚ್ಚು. ಕಾರ್ಖಾನೆಯ ಹೊಸ ಕೊಳವೆಗೆ ಅದು ಉತ್ತಮ. ಕುಳಿಬಿದ್ದ ಹಳೆಯ ಚೇಸಿಸ್ಸಿಗೆ, ಅದರಲ್ಲೂ ಕರಾವಳಿಯಲ್ಲಿ, ನಾನು ಎಪಾಕ್ಸಿ ಪ್ರೈಮರ್ ಮತ್ತು ಅದರ ಮೇಲೆ ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನೇ ಆರಿಸುತ್ತೇನೆ. ಪೌಡರ್ ಪದರಕ್ಕೆ ಕಲ್ಲು ಬಡಿದು ಚೂರೊಂದು ಎದ್ದರೆ ನೀರು ಅಡಿಗೆ ಹರಿದು ತುಕ್ಕು ಕಾಣದಂತೆ ಹಬ್ಬುತ್ತದೆ, ಆ ಜಾಗವನ್ನಷ್ಟೇ ದುರಸ್ತಿ ಮಾಡಲು ಬರುವುದಿಲ್ಲ. ಜೊತೆಗೆ ಅದನ್ನು ಬೇಯಿಸುವ 180ರಿಂದ 200 ಡಿಗ್ರಿ ಶಾಖಕ್ಕೆ ಟ್ಯಾಂಕಿನ ಹಳೆಯ ಸೀಸದ ಬೆಸುಗೆ ಕರಗುವ ಭಯವಿದೆ. ಮೇಲ್ಮೈಯನ್ನು ಸಮ ಮಾಡುವ ಸಾಮಾನ್ಯ ಸರ್ಫೇಸರ್ ಪ್ರೈಮರ್ ನೀರು ಹೀರುವಂಥದ್ದು. ಅದನ್ನು ಬಳಿದು ವಾರಗಟ್ಟಲೆ ಇಟ್ಟರೆ ಬರಿಯ ಲೋಹವನ್ನು ಇಟ್ಟಂತೆಯೇ. ಪಿಯು ಬಣ್ಣದ ಗಟ್ಟಿಕಾರಕದಲ್ಲಿ ಉಸಿರಾಟಕ್ಕೆ ಕೆಡುಕಾದ ಐಸೋಸಯನೇಟ್ ಇರುವುದರಿಂದ ಸರಿಯಾದ ಮಾಸ್ಕ್ ಇಲ್ಲದೆ ಬಣ್ಣ ಸಿಂಪಡಿಸುವ ಗನ್ ಹಿಡಿಯಲು ನಾನು ಯಾರಿಗೂ ಬಿಡುವುದಿಲ್ಲ.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಾವು ಬಣ್ಣದ ಕೆಲಸ ಹಿಡಿಯುವುದಿಲ್ಲ. ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕೆಂಬ ನಿಯಮವಿದೆ. ಮಳೆಗಾಲದಲ್ಲಿ ಸಂಜೆ ತಗಡು ತಣಿಯುತ್ತಲೇ ಆ ಅಂತರ ಇಲ್ಲವಾಗುತ್ತದೆ. ಕಂಪ್ರೆಸರಿನ ಟ್ಯಾಂಕಿನಲ್ಲೂ ನೀರು ಕೂಡುತ್ತದೆ, ಅದನ್ನು ಆಗಾಗ ಬಸಿಯದಿದ್ದರೆ ಗನ್ನಿನಿಂದ ಬಣ್ಣದ ಜೊತೆ ನೀರಹನಿಯೂ ಬೀಳುತ್ತದೆ. ಬ್ಲಾಸ್ಟಿಂಗ್ ಬೆಳಿಗ್ಗೆ ಬಿಸಿಲೇರಿದ ಮೇಲೆ, ಎಪಾಕ್ಸಿ ಪ್ರೈಮರ್ ಅಂದೇ ಮಧ್ಯಾಹ್ನ, ಎಂಬುದು ನಮ್ಮ ಕ್ರಮ. ಶುಚಿಯಾದ ಭಾಗವನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪಿನಿಂದ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ, ಹಾಗಾಗಿ ಕೈಗವಸು ಕಡ್ಡಾಯ.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಜೋಡಣೆಗೆ ಕೊಡುವ ಮುನ್ನ ಚೇಸಿಸ್ಸಿನಲ್ಲಿ ಅರ್ತ್ ತಂತಿ ಕೂರುವ ಜಾಗವನ್ನು ಮಾತ್ರ ನಾನೇ ಕೆರೆದು ಬರಿಯ ಉಕ್ಕು ಕಾಣುವಂತೆ ಮಾಡುತ್ತೇನೆ. 6 ವೋಲ್ಟಿನ ಈ ಹಳೆಯ ಗಾಡಿಗಳಲ್ಲಿ ಅಲ್ಲಿ ಬಣ್ಣದ ಪೊರೆ ಉಳಿದರೆ ದೀಪ ಮಂಕಾಗುತ್ತದೆ, ಹಾರ್ನ್ ಕೂಗುವುದಿಲ್ಲ. ತಂತಿಯನ್ನು ಬಿಗಿದ ಕೂಡಲೇ ಅದರ ಮೇಲೆ ಗ್ರೀಸ್ ಸವರುತ್ತೇನೆ. ಅಲ್ಯೂಮಿನಿಯಂ ಕವಚಕ್ಕೆ ಹೋಗುವ ಪ್ರತಿ ಬೋಲ್ಟಿನ ತಿರುಪಿನ ಸುತ್ತುಗಳಿಗೂ ಹಾಗೆಯೇ ಗ್ರೀಸ್ ಹಚ್ಚಿ, ಎಂಜಿನ್ ಕೆಲಸದವರ ಕೈಗೆ ಒಪ್ಪಿಸುತ್ತೇನೆ.