ಅಪ್ಪನ ರೇಡಿಯೊ
ಮೂರು ದಿನದ ಮಳೆಗೆ ಕರೆಂಟ್ ಹೋಗಿ ಮೊಬೈಲ್ ಸತ್ತಿತ್ತು. ಅಟ್ಟದಿಂದ ಅಪ್ಪನ ಹಳೆಯ ರೇಡಿಯೊ ಇಳಿಸಿ, ಸೆಲ್ ಹಾಕಿ ತಿರುಗಣೆ ತಿರುಗಿಸಿದೆ. ಗೊರಗೊರ ಸದ್ದಿನ ನಡುವೆ ಮಡಿಕೇರಿ ಆಕಾಶವಾಣಿ ಸಿಕ್ಕಿತು. ಉತ್ತರ ಕೊರಿಯಾದಲ್ಲಿ ಈ ತಿರುಗಣೆಯನ್ನೇ ಸರ್ಕಾರಿ ಕೇಂದ್ರಕ್ಕೆ ಬಿಗಿದು ಮೊಹರು ಹಾಕುತ್ತಾರೆ. ನಮ್ಮಲ್ಲಿ ತಿರುಗಣೆ ಸ್ವತಂತ್ರ. ಆದರೆ ಖಾಸಗಿ ಎಫ್‌ಎಂನವರು ದಿನವಿಡೀ ಹಾಡು ಹಾಕಬಹುದು, ಸ್ವಂತ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯದ್ದನ್ನೇ ಬಿತ್ತರಿಸಬೇಕು. ಟಿವಿಗೆ, ಪತ್ರಿಕೆಗೆ ಇಲ್ಲದ ಈ ಮಡಿ ರೇಡಿಯೊಗೆ ಮಾತ್ರ ಏಕೋ!

1975ರ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳು ಸೆನ್ಸಾರ್ ಆದಾಗ ಅಜ್ಜ ರಾತ್ರಿ ಬಾಗಿಲು ಹಾಕಿಕೊಂಡು ಬಿಬಿಸಿ ಕೇಳುತ್ತಿದ್ದರಂತೆ. "ಅರ್ಥವಾಗುತ್ತಿದ್ದದ್ದು ಅರ್ಧವೇ, ಆದರೂ ಮುಖದಲ್ಲಿ ಏನು ಗತ್ತು!" ಎಂದು ಅಜ್ಜಿ ಈಗಲೂ ನಗುತ್ತಾರೆ.