ಡೇಟ್ ತಪ್ಪಿತು, ವಾರಂಟ್ ಬಂತು, ಮುಂದೇನು?

ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಜಾಮೀನಿನ ಮೇಲೆ ಹೊರಗಿದ್ದವರು ಡೇಟಿಗೆ ಬಾರದೆ ಹೋಗುವುದನ್ನು ಯಾವಾಗಲೂ ನೋಡುತ್ತಿರುತ್ತೇನೆ. ಕೆಲವರು ಒಂದು ಡೇಟ್ ತಪ್ಪಿದರೆ ಸೀದಾ ಜೈಲೇ ಅಂದುಕೊಂಡು, ಹೆದರಿ ಫೋನ್ ಆಫ್ ಮಾಡಿ ಊರು ಬಿಡುತ್ತಾರೆ. ಇನ್ನು ಕೆಲವರು ಲಾಯರ್ ನೋಡ್ಕೋತಾರೆ ಅಂತ ಸುಮ್ನೆ ಇದ್ದುಬಿಡುತ್ತಾರೆ. ಇಬ್ಬರೂ ಬೇಗ ಬಂದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ವಿಷಯ ಅದು.

ಡೇಟಿನ ದಿನ ಹೆಸರು ಕೂಗಿದಾಗ ಆರೋಪಿ ಇಲ್ಲದಿದ್ದರೆ ವಕೀಲರು ಹಾಜರಾತಿ ವಿನಾಯಿತಿಗೆ ಅರ್ಜಿ ಹಾಕುತ್ತಾರೆ. ಕಾರಣ ಸರಿಯಾಗಿದ್ದರೆ ಜಡ್ಜ್ ಒಪ್ಪುತ್ತಾರೆ. ಅರ್ಜಿಯೂ ಇಲ್ಲ, ಕಾರಣವೂ ಇಲ್ಲ ಅಂದರೆ ಡೇಟಿಗೆ ಬರುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ ಅಂತ ಬರೆದುಕೊಟ್ಟ ಬಾಂಡ್ ಮುಟ್ಟುಗೋಲು, ಜೊತೆಗೆ ಜಾಮೀನುರಹಿತ ವಾರಂಟ್. ನಾವು ಕೋರ್ಟಿನಲ್ಲಿ ಎನ್‌ಬಿಡಬ್ಲ್ಯು ಅನ್ನುತ್ತೇವೆ. ಈ ವಾರಂಟಿಗೆ ವಾಯಿದೆ ಇಲ್ಲ. ಪೊಲೀಸರು ಹಿಡಿದು ತರುವವರೆಗೆ ಅಥವಾ ಕೋರ್ಟೇ ರದ್ದು ಮಾಡುವವರೆಗೆ ಅದು ಜೀವಂತ. ಮುಂದಿನ ಡೇಟ್ ಬಂದರೆ ಹಳೆಯದು ತಾನಾಗಿಯೇ ಹೋಗುತ್ತದೆ ಅಂತ ತಿಳಿದವರು ತುಂಬಾ ಜನ ಇದ್ದಾರೆ, ಹೋಗುವುದಿಲ್ಲ.

ಇದಕ್ಕೆ ಇರುವ ದಾರಿ ವಾರಂಟ್ ರೀಕಾಲ್ ಅರ್ಜಿ, ಅಂದರೆ ವಾರಂಟನ್ನು ವಾಪಸ್ ಪಡೆಯಿರಿ ಅಂತ ಕೋರ್ಟನ್ನು ಕೇಳುವ ಅರ್ಜಿ. ಆರೋಪಿ ತಾನೇ ಬಂದು ಕಟಕಟೆಯಲ್ಲಿ ನಿಲ್ಲಬೇಕು. ಅರ್ಜಿಯಲ್ಲಿ ನಾವು ಎಷ್ಟೇ ಚೆನ್ನಾಗಿ ಬರೆದಿರಲಿ, ಜಡ್ಜ್ ಫೈಲಿನಿಂದ ತಲೆ ಎತ್ತಿ ‘ಯಾಕಪ್ಪ ಬರಲಿಲ್ಲ?’ ಅಂತ ಅವನನ್ನೇ ಕೇಳುತ್ತಾರೆ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಮರಿ ಕೈಯಲ್ಲಿರಬೇಕು. ದುಡಿಯಲು ಬೇರೆ ಊರಿಗೆ ಹೋಗಿದ್ದೆ, ಡೇಟ್ ಗೊತ್ತಾಗಲಿಲ್ಲ ಅನ್ನುವುದು ನಿಜವಾದರೆ ಅದನ್ನೇ ಹೇಳಬೇಕು. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ತರುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ, ಯಾಕೆಂದರೆ ಸರ್ಕಾರಿ ವಕೀಲರು ಅದನ್ನು ಪರಿಶೀಲಿಸಿ ಅಂದರೆ ಚಿಕ್ಕ ತೊಂದರೆ ದೊಡ್ಡದಾಗುತ್ತದೆ. ಮೊದಲ ಸಲ ತಪ್ಪಿದ್ದು, ತಾನಾಗಿಯೇ ಬಂದಿದ್ದಾನೆ ಅಂದರೆ ಸಾಮಾನ್ಯವಾಗಿ ದಂಡ ಹಾಕಿ, ಹೊಸ ಬಾಂಡ್ ಮತ್ತು ಜಾಮೀನುದಾರರನ್ನು ಕೇಳಿ ಬಿಡುತ್ತಾರೆ. ಪೊಲೀಸರು ಹಿಡಿದು ತಂದು ನಿಲ್ಲಿಸಿದವನಿಗೆ ಇದೇ ಅರ್ಜಿ ಹಾಕಿದರೂ ಕೋರ್ಟಿನ ಧೋರಣೆ ಬೇರೆಯೇ ಇರುತ್ತದೆ. ಅವತ್ತು ಸಂಜೆ ಅವನು ಜೈಲಿಗೆ ಹೋಗುವುದೇ ಜಾಸ್ತಿ.

ಹಾಗಾದರೆ ಬಾರದೆ ಇರುವುದಕ್ಕೇ ಬೇರೆ ಕೇಸು ಇಲ್ವಾ? ಇದೆ. 2005ರ ತಿದ್ದುಪಡಿಯಲ್ಲಿ ಐಪಿಸಿಗೆ 229ಎ ಸೇರಿಸಿದರು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 269ನೇ ಸೆಕ್ಷನ್. ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ತಕ್ಕ ಕಾರಣ ಇತ್ತು ಅಂತ ತೋರಿಸುವ ಹೊಣೆ ಆರೋಪಿಯದೇ. ಮೂಲ ಕೇಸಿನ ಶಿಕ್ಷೆಗೂ ಇದಕ್ಕೂ ಸಂಬಂಧ ಇಲ್ಲ, ಇದು ಅದರ ಮೇಲೆ ಬೀಳುವಂಥದ್ದು. ನಾನು ನೋಡಿದಂತೆ ಒಂದೆರಡು ಡೇಟ್ ತಪ್ಪಿದ್ದಕ್ಕೆ ಇದನ್ನು ಹಾಕುವುದು ಕಡಿಮೆ. ವರ್ಷಗಟ್ಟಲೆ ನಾಪತ್ತೆಯಾದವರ ಮೇಲೆ ಬೀಳುತ್ತದೆ. ಅಂಥವರ ಫೈಲು ಎಲ್‌ಪಿಸಿಗೆ ಹೋಗಿರುತ್ತದೆ, ಅಂದರೆ ಬಹುಕಾಲ ಬಾಕಿ ಉಳಿದ ಕೇಸುಗಳ ಪಟ್ಟಿಗೆ. ಇಂಥ ದಿನ ಹಾಜರಾಗು ಅಂತ ಕೋರ್ಟ್ ಬಹಿರಂಗವಾಗಿ ಸಾರುವ ಉದ್ಘೋಷಣೆ ಹೊರಡಿಸಿ, ಅದರಲ್ಲಿ ಹೇಳಿದ ದಿನವೂ ಬಾರದಿದ್ದರೆ ಅದೇ ನ್ಯಾಯ ಸಂಹಿತೆಯ ಸೆಕ್ಷನ್ 209 ಬರುತ್ತದೆ, ಅಲ್ಲಿ ಶಿಕ್ಷೆ ಮೂರು ವರ್ಷದವರೆಗೆ. ಹತ್ತು ವರ್ಷದ ಹಿಂದಿನ ಸಣ್ಣ ಹೊಡೆದಾಟದ ಕೇಸಿಗೆ, ಮದುವೆಯಾಗಿ ಮಕ್ಕಳಾದ ಮೇಲೆ ಮನೆ ಬಾಗಿಲಿಗೆ ಪೊಲೀಸರು ಬಂದಾಗ ಆ ಕುಟುಂಬ ಕಂಗಾಲಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೊಲೀಸರ ಕೈಯಿಂದ ತಪ್ಪಿಸಿಕೊಂಡು ಓಡುವುದು ಬೇರೆಯೇ ಅಪರಾಧ. ಹಿಂದೆ ಐಪಿಸಿ 224, ಈಗ ನ್ಯಾಯ ಸಂಹಿತೆಯ 262. ಎರಡು ವರ್ಷದವರೆಗೆ ಶಿಕ್ಷೆ. ಈ ಸೆಕ್ಷನ್ನಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ, ಆದರೆ ಓಡಿದವನಿಗೆ ಮೂಲ ಕೇಸಿನಲ್ಲಿ ಮತ್ತೆ ಜಾಮೀನು ಕೇಳುವುದು ಬಲು ಕಷ್ಟ. ಇಲ್ಲಿ ನಾವು ಮೊದಲು ನೋಡುವುದು ಬಂಧನ ಕಾನೂನುಬದ್ಧವಾಗಿತ್ತಾ ಅಂತ. ಅರೆಸ್ಟ್ ಮೆಮೊ ಇಲ್ಲ, ದಿನಚರಿಯಲ್ಲಿ ದಾಖಲಿಲ್ಲ, ಠಾಣೆಯಲ್ಲಿ ಸುಮ್ನೆ ಕೂರಿಸಿದ್ದರು ಅಂದರೆ ಈ ಆರೋಪ ನಿಲ್ಲುವುದು ಕಷ್ಟ. ಇನ್ನೊಂದು, ಬೆಂಗಾವಲಿಗಿದ್ದ ಕಾನ್‌ಸ್ಟೇಬಲ್ಲೇ ಎಷ್ಟೋ ಸಲ ದೂರುದಾರ. ಅವರ ಮೇಲೂ ಇಲಾಖಾ ವಿಚಾರಣೆ ಬರುತ್ತದೆ, ನಿರ್ಲಕ್ಷ್ಯದಿಂದ ಬಿಟ್ಟರೆ ಸೆಕ್ಷನ್ 261ರ ಭಯವೂ ಇದೆ. ಹಾಗಾಗಿ ‘ಮೂತ್ರಕ್ಕೆ ಬಿಟ್ಟಾಗ ಹೋದ’ ಅನ್ನುವ ಬದಲು ‘ನನ್ನನ್ನು ತಳ್ಳಿ ಓಡಿದ’ ಅಂತ ದೂರು ಬರೆಯುವ ಒತ್ತಡ ಅವರ ಮೇಲಿರುತ್ತದೆ. ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತೇವೆ. ಸಾಕ್ಷ್ಯ ಗಟ್ಟಿಯಿದ್ದರೆ ತಪ್ಪೊಪ್ಪಿಕೊಂಡು, ಎರಡೂ ಕೇಸಿನ ಶಿಕ್ಷೆ ಒಟ್ಟಿಗೆ ನಡೆಯಲಿ ಅಂತ ಕೋರುವುದೂ ಒಂದು ದಾರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಆಗುವುದು ಜಾಮೀನುದಾರರನ್ನು ಕಂಡಾಗ. ಒಬ್ಬ ವಯಸ್ಸಾದ ರೈತರು ಮಡಚಿ ಮಡಚಿ ಸವೆದ ನೋಟಿಸನ್ನು ಪಹಣಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಿದ್ದರು. ‘ಪಕ್ಕದ ಮನೆ ಹುಡುಗ ಸಾರ್, ಅವನವ್ವ ಅತ್ತಳು ಅಂತ ಸೈನ್ ಹಾಕಿದೆ. ನಾನೇನು ತಪ್ಪು ಮಾಡಿದೆ?’

‘ಯಜಮಾನ್ರೇ, ನೀವು ತಪ್ಪು ಮಾಡಿದ್ದೀರಿ ಅಂತ ಯಾರೂ ಹೇಳ್ತಿಲ್ಲ. ಅವನನ್ನು ಕರ್ಕೊಂಡು ಬರ್ತೀನಿ ಅಂತ ಬರ್ಕೊಟ್ಟಿದ್ದೀರಿ, ಅದಕ್ಕೆ ಕೇಳ್ತಿದ್ದಾರೆ’ ಅಂದೆ.

ಆ ನೋಟಿಸ್ ಬಂದಾಗ ಹೆದರಿ ಮನೆಯಲ್ಲಿ ಕೂರಬೇಡಿ. ಬಾಂಡಿನ ಹಣ ಯಾಕೆ ಕಟ್ಟಬಾರದು ಅಂತ ಹೇಳಲು ಕೊಟ್ಟ ಅವಕಾಶ ಅದು. ಆರೋಪಿಯನ್ನು ಹುಡುಕಿ ತಂದು ಒಪ್ಪಿಸಿ, ಅಥವಾ ನೀವು ಪಟ್ಟ ಪ್ರಯತ್ನ ಮತ್ತು ನಿಮ್ಮ ಪರಿಸ್ಥಿತಿ ಬರೆದುಕೊಡಿ. ಕಾರಣ ದಾಖಲಿಸಿ ಹಣದಲ್ಲಿ ಒಂದು ಭಾಗ ಮನ್ನಾ ಮಾಡುವ ಅಧಿಕಾರ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 491ನೇ ಸೆಕ್ಷನ್ನಿನಲ್ಲಿ ಕೋರ್ಟಿಗೆ ಇದೆ. ಏನೂ ಮಾಡದಿದ್ದರೆ ದಂಡದಂತೆ ವಸೂಲಿ, ವಸೂಲಿಯೂ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು.

ಇನ್ನು ಆರೋಪಿಯ ನಡವಳಿಕೆ ನೋಡಿ ಅನುಮಾನ ಬಂದರೆ ಅವನು ಓಡುವವರೆಗೆ ಕಾಯಬೇಕಿಲ್ಲ. ಅದೇ ಸುರಕ್ಷಾ ಸಂಹಿತೆಯ 489ನೇ ಸೆಕ್ಷನ್ನಿನಲ್ಲಿ ನನ್ನನ್ನು ಜಾಮೀನಿನಿಂದ ಬಿಡುಗಡೆ ಮಾಡಿ ಅಂತ ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ಕೋರ್ಟ್ ಅವನನ್ನು ಕರೆಸಿ ಬೇರೆ ಜಾಮೀನುದಾರರನ್ನು ಕೊಡು ಅನ್ನುತ್ತದೆ. ಅರ್ಜಿ ಕೊಡಲು ಅವನ ಒಪ್ಪಿಗೆಯೂ ಬೇಕಿಲ್ಲ, ಅವನ ವಕೀಲರ ಒಪ್ಪಿಗೆಯೂ ಬೇಕಿಲ್ಲ.