ಸಮಚಿಹ್ನೆ ಅಂದರೆ ‘ಉತ್ತರ ಬರಿ’ ಅಂತಲ್ಲ

ಮಗಳು ಏಳನೇ ತರಗತಿ. ಮೊನ್ನೆ ಸಂಜೆ ನೋಟ್‌ಬುಕ್ ತಂದು ಮುಂದಿಟ್ಟಳು. 2ಎಕ್ಸ್ + 3 = 11 ಅಂತಿತ್ತು. ಅದರ ಕೆಳಗೆ ಅವಳು 2ಎಕ್ಸ್ = 14 ಅಂತ ಬರೆದಿದ್ದಳು. "ಮೂರು ಆ ಕಡೆ ಹೋಯ್ತಲ್ಲ ಅಮ್ಮಾ" ಅಂದಳು.

ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ ಅಂತ ಹೇಳಿ ಮುಗಿಸಬಹುದಿತ್ತು. ಯಾಕೋ ಮನಸ್ಸು ಬರಲಿಲ್ಲ. ಬೇರೆ ಹಾಳೆಯಲ್ಲಿ 8 + 4 = ☐ + 5 ಅಂತ ಬರೆದು ಕೊಟ್ಟೆ. ಒಂದು ಕ್ಷಣವೂ ಯೋಚಿಸದೆ ಚೌಕದೊಳಗೆ 12 ಬರೆದಳು; ಬರಬೇಕಿದ್ದದ್ದು 7. ತೊಡಕು ಎಕ್ಸ್‌ನದ್ದಲ್ಲ ಅಂತ ಆಗ ಗೊತ್ತಾಯಿತು. ಒಂದನೇ ತರಗತಿಯಿಂದ ಕೂಡಿಸುವ ಲೆಕ್ಕ ಮಾಡಿ ಮಾಡಿ, ಸಮಚಿಹ್ನೆ ಕಂಡರೆ 'ಈಗ ಉತ್ತರ ಬರಿ' ಅಂತಲೇ ಅವಳು ಓದುತ್ತಿದ್ದಳು.

ಈ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ಬಳಸಿದವರು ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್, 1557ರಲ್ಲಿ. ಒಂದೇ ಉದ್ದದ ಎರಡು ಸಮಾಂತರ ಗೆರೆಗಳಷ್ಟು ಸಮನಾದದ್ದು ಇನ್ನೊಂದಿಲ್ಲ ಅನ್ನೋದು ಅವರು ಕೊಟ್ಟ ಕಾರಣ. ಇದನ್ನು ಹೇಳಿದಾಗ ಅವಳು ಎರಡು ಪೆನ್ಸಿಲ್ ಜೋಡಿಸಿ ಹಿಡಿದು ನೋಡಿದಳು.

ಆಮೇಲೆ ಎರಡು ಬೆಂಕಿಪೊಟ್ಟಣ ಖಾಲಿ ಮಾಡಿ, ಅವಳಿಗೆ ಕಾಣದಂತೆ ಎರಡರಲ್ಲೂ ಒಂದೇ ಸಮ ಕಡ್ಡಿ ತುಂಬಿದೆ. ಮೇಜಿನ ನಡುವೆ ಸ್ಕೇಲ್ ಇಟ್ಟೆ. ಎಡಕ್ಕೆ ಎರಡು ಪೊಟ್ಟಣ, ಜೊತೆಗೆ ಬಿಡಿಯಾಗಿ ಮೂರು ಕಡ್ಡಿ. ಬಲಕ್ಕೆ ಹನ್ನೊಂದು ಕಡ್ಡಿ. "ಎರಡೂ ಕಡೆ ಲೆಕ್ಕ ಸಮ. ಪೊಟ್ಟಣ ತೆರೆಯದೆ ಒಳಗೆಷ್ಟಿದೆ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಎಡಗಡೆಯ ಮೂರು ಕಡ್ಡಿ ಎತ್ತಿಟ್ಟಳು. ಕೈ ತಡೆದು, ಬಲಗಡೆಯಿಂದಲೂ ಮೂರು ತೆಗೆದಳು. ಉಳಿದ ಎಂಟನ್ನು ಎರಡು ಗುಂಪು ಮಾಡಿ, "ನಾಲ್ಕು" ಅಂದಳು. ಪೊಟ್ಟಣ ತೆರೆದು ಎಣಿಸಿದಾಗ ಅವಳ ಮುಖ ನೋಡಬೇಕಿತ್ತು! ಸಂಖ್ಯೆಯನ್ನು ಸಮಚಿಹ್ನೆಯ ಆ ಕಡೆಗೆ ಸಾಗಿಸೋದಕ್ಕೆ ಹೇಳುವ 'ಪಕ್ಷಾಂತರ' ಅನ್ನೋ ಪದವನ್ನು ನಾನು ಬೇಕಂತಲೇ ಎತ್ತಲಿಲ್ಲ. "ಮೂರು ಎಲ್ಲಿಗೂ ಹೋಗಿಲ್ಲ, ಎರಡೂ ಕಡೆಯಿಂದ ತೆಗೆದಿದ್ದು" ಅಂತ ಅವಳೇ ಹೇಳಿದಳು.

ಸಮಾನ ಬೀಜೋಕ್ತಿಗಳಿಗೆ, ಅಂದರೆ ಎಕ್ಸ್ ಎಷ್ಟಿದ್ದರೂ ಒಂದೇ ಬೆಲೆ ಕೊಡುವ ಎರಡು ಬರಹಗಳಿಗೆ, ಇನ್ನೂ ಜಾಸ್ತಿ ಹೊತ್ತು ಬೇಕಾಯಿತು. 3(ಎಕ್ಸ್ + 2) ಅನ್ನು 3ಎಕ್ಸ್ + 2 ಅಂತ ಬಿಡಿಸಿದ್ದಳು. ಎಕ್ಸ್ ಜಾಗದಲ್ಲಿ 1 ಹಾಕಿ ನೋಡು ಅಂದೆ. ಒಂದು 9, ಇನ್ನೊಂದು 5. ಗ್ರಾಫ್ ಹಾಳೆಯಲ್ಲಿ ಮೂರು ಚೌಕ ಎತ್ತರದ ಆಯತ ಬರೆದು, ಅಗಲವನ್ನು ಎಕ್ಸ್ ಮತ್ತು 2 ಅಂತ ಗೆರೆ ಎಳೆದು ಭಾಗ ಮಾಡಿದೆವು. 2ರ ಪಾಲಿನಲ್ಲಿ ಆರು ಚೌಕ ಕಣ್ಣಿಗೇ ಕಂಡಿತು. ಆವರಣದ ಹೊರಗಿನ 3 ಒಳಗಿನ ಎರಡಕ್ಕೂ ಯಾಕೆ ತಾಗಬೇಕು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಬೆಲೆ ಹಾಕಿ ನೋಡೋದು ಅವಳಿಗೆ ಎಷ್ಟು ಹಿಡಿಸಿತೆಂದರೆ, ಎಕ್ಸ್ + 2 ಮತ್ತು 2ಎಕ್ಸ್ ಎರಡಕ್ಕೂ 2 ಹಾಕಿ, "ಎರಡೂ ನಾಲ್ಕು, ಹಾಗಾದ್ರೆ ಸಮಾನ ಅಲ್ವಾ?" ಅಂದಳು. 5 ಹಾಕಿಸಿದೆ. ಏಳು, ಹತ್ತು. ಅಲ್ಲಿ ನಿಧಾನ ಮಾಡಿದೆ, ಯಾಕೆಂದರೆ ಈ ಪಾಠದ ತಿರುಳೇ ಅಲ್ಲಿದೆ. 3(ಎಕ್ಸ್ + 2) = 3ಎಕ್ಸ್ + 6 ಅನ್ನೋದು ಎಕ್ಸ್ ಎಷ್ಟಿದ್ದರೂ ನಿಜ. ಎಕ್ಸ್ + 2 = 2ಎಕ್ಸ್ ಅನ್ನೋದು ಎಕ್ಸ್ 2 ಆದಾಗ ಮಾತ್ರ ನಿಜ. ಎರಡರ ನಡುವೆಯೂ ಅದೇ ಸಮಚಿಹ್ನೆ. ಮಕ್ಕಳು ಗೊಂದಲಪಟ್ಟರೆ ಅದು ಅವರ ತಪ್ಪಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಲೇ ಒಂದು ಚೀಟಿ ಹಿಡಿದು ಬಂದಳು. ಎಕ್ಸ್ + 3 = ಎಕ್ಸ್ + 5. "ಇದಕ್ಕೆ ಯಾವ ಬೆಲೆ ಹಾಕಿದ್ರೂ ಆಗಲ್ಲ. ಎರಡೂ ಕಡೆಯಿಂದ ಪೊಟ್ಟಣ ತೆಗೆದುಬಿಟ್ಟೆ, ಮೂರೂ ಐದೂ ಉಳೀತು!"